ಎಚ್‌ಐವಿಗೆ ಔಷಧಿ ಕಂಡುಹಿಡಿದ್ರಾ ಅಂತ ಕೇಳುವವರಿಗೆ

“ಅಲ್ಲ ಅಕ್ಕ, ಇಷ್ಟು ವರ್ಷ ಎಚ್‌ಐವಿ ಔಷಧಿ ಕೆಲಸದಲ್ಲೇ ಇದ್ರಲ್ಲ, ಕೊನೆಗೂ ಕಂಡುಹಿಡಿದ್ರಾ?”

ಕೆಲಸ ಬಿಟ್ಟು ಕೊಡಗಿಗೆ ವಾಪಸ್ ಬಂದ ಮೇಲೆ ಈ ಪ್ರಶ್ನೆ ತಪ್ಪಿದ್ದೇ ಇಲ್ಲ. ವಿರಾಜಪೇಟೆಯ ಮದುವೆ ಮನೆಯಲ್ಲಿ ಕೇಳುತ್ತಾರೆ, ಗೋಣಿಕೊಪ್ಪದ ಗೊಬ್ಬರದ ಅಂಗಡಿಯಲ್ಲೂ ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಇರುತ್ತದೆ: ಆ ಕಾಯಿಲೆಗೆ ಔಷಧಿ ಇಲ್ಲ, ಪಾಪ ಇವಳ ಓದೆಲ್ಲ ದಂಡ.

ಔಷಧಿ ಇದೆ. ಕಂಡುಹಿಡಿದವಳು ನಾನಲ್ಲ.

ಮೊದಲ ಔಷಧಿ ಎಝಡ್‌ಟಿಯ ಕಥೆಯೇ ತಮಾಷೆ. ಏಡ್ಸ್ ಅಂತ ಒಂದಿದೆ ಎಂದು ಜಗತ್ತಿಗೆ ಗೊತ್ತಾಗಿದ್ದು 1981ರಲ್ಲಿ. ಎಝಡ್‌ಟಿ 1964ರಲ್ಲೇ ತಯಾರಾಗಿತ್ತು. ಅಮೆರಿಕದ ಜೆರೋಮ್ ಹಾರ್ವಿಟ್ಜ್ ಅದನ್ನು ಮಾಡಿದ್ದು ಕ್ಯಾನ್ಸರ್‌ಗೆ. ಕ್ಯಾನ್ಸರ್‌ಗೆ ನಾಟಲಿಲ್ಲ, ಮೂಲೆ ಸೇರಿತು. 1987ರಲ್ಲಿ ಎಚ್‌ಐವಿಗೆ ಒಪ್ಪಿಗೆ ಸಿಕ್ಕಿತು. ಆದರೆ ಒಂದೇ ಔಷಧಿ ಕೊಟ್ಟರೆ ಈ ವೈರಸ್ ಬೇಗ ತಪ್ಪಿಸಿಕೊಳ್ಳುತ್ತದೆ. ತನ್ನ ನಕಲು ಮಾಡುವಾಗ ಅದು ತಪ್ಪು ಮಾಡುತ್ತಲೇ ಇರುತ್ತದೆ. ಆ ತಪ್ಪುಗಳಲ್ಲೇ ಔಷಧಿಗೆ ಬಗ್ಗದ ಒಂದು ಹುಟ್ಟಿಕೊಳ್ಳುತ್ತದೆ. 1996ರ ಹೊತ್ತಿಗೆ ಮೂರು ಔಷಧಿ ಒಟ್ಟಿಗೆ ಕೊಡತೊಡಗಿದರು. ಮೂರರಿಂದಲೂ ಒಮ್ಮೆಗೇ ತಪ್ಪಿಸಿಕೊಳ್ಳುವುದು ಅದಕ್ಕೆ ಕಷ್ಟ. ಸಾಯುತ್ತಿದ್ದವರು ಎದ್ದು ಕೂತರು.

ಬೆಲೆ ಮಾತ್ರ ಆಗ ವರ್ಷಕ್ಕೆ 10,000 ಡಾಲರ್‌ಗೂ ಜಾಸ್ತಿ. 2001ರಲ್ಲಿ ನಮ್ಮ ಔಷಧಿ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ 350 ಡಾಲರ್‌ಗೆ ಕೊಡುತ್ತೇನೆ ಅಂದರು. 2004ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರ ಉಚಿತವಾಗಿ ಕೊಡಲು ಶುರು ಮಾಡಿತು.

“ಹಾಗಾದ್ರೆ ನೀವು ಮಾಡಿದ್ದೇನು?” ಮಾತ್ರೆ ಕೆಡದ ಹಾಗೆ ನೋಡಿಕೊಂಡೆ. ಇದನ್ನು ಕೇಳಿದ ತಕ್ಷಣ ಮುಖ ಸಪ್ಪಗಾಗುತ್ತದೆ. ಇಷ್ಟೇನಾ ಅನ್ನುವ ಹಾಗೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈಗ ದಿನಕ್ಕೊಂದು ನುಂಗುವ ಮಾತ್ರೆಯಲ್ಲಿ ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಇರುತ್ತವೆ. ಟೆನೊಫೊವಿರ್ ಹಟಮಾರಿ. ಹಾಗೇ ನುಂಗಿದರೆ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಅದರ ಅಣುವಿಗೆ ಎರಡು ತುಂಡು ಅಂಟಿಸುತ್ತಾರೆ. ಒಳಗೆ ಹೋದ ಮೇಲೆ ದೇಹವೇ ಆ ತುಂಡುಗಳನ್ನು ಕತ್ತರಿಸಿ ಬಿಸಾಡುತ್ತದೆ. ತೊಂದರೆ ಏನಂದರೆ, ತೇವ ತಗುಲಿದರೂ ಅವು ಕಳಚಿಕೊಳ್ಳುತ್ತವೆ. ಡಬ್ಬಿಯಲ್ಲೇ ಕಳಚಿದರೆ ಆಮೇಲೆ ನುಂಗಿ ಏನು ಪ್ರಯೋಜನ?

ನಾವು ಮಾತ್ರೆಗಳನ್ನು 40 ಡಿಗ್ರಿ ಸೆಖೆ, ಶೇ 75ರಷ್ಟು ತೇವ ಇರುವ ಪೆಟ್ಟಿಗೆಯಲ್ಲಿ ಆರು ತಿಂಗಳು ಇಡುತ್ತಿದ್ದೆವು. ನಡುನಡುವೆ ತೆಗೆದು, ಕರಗಿಸಿ, ಒಳಗೆ ಏನೇನು ಎಷ್ಟೆಷ್ಟಿದೆ ಎಂದು ಬಿಡಿಸಿ ತೋರಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕುವುದು. ಪರದೆಯ ಮೇಲೆ ಟೆನೊಫೊವಿರ್‌ನ ದೊಡ್ಡ ಪೀಕ್, ಅಂದರೆ ಗೆರೆಯಲ್ಲಿ ಏಳುವ ಗುಡ್ಡ. ಅದರ ಆಚೆ ಒಂದು ಪುಟಾಣಿ ಪೀಕ್, ಒಂದು ತುಂಡು ಕಳಚಿಕೊಂಡಿರುವುದರದ್ದು. ಆ ಪುಟಾಣಿ ಬೆಳೆಯಿತೋ, ಎಲ್ಲ ಮೊದಲಿಂದ. ಮಾತ್ರೆಗೆ ಸೇರಿಸುವ ಪುಡಿ ಬದಲಿಸು, ನೀರು ಮುಟ್ಟಿಸದೆ ಪುಡಿ ಒತ್ತು, ಮುಚ್ಚಳ ಬದಲಿಸು. ವರ್ಷಗಟ್ಟಲೆ ನಾನು ಕಾವಲು ಕಾದದ್ದು ಆ ಪುಟಾಣಿ ಪೀಕ್‌ಗೇ.

ಈ ಕೆಲಸದ ಮಹತ್ವ ಕೊಡಗಿನವರಿಗೆ ಬೇಗ ಅರ್ಥವಾಗಬೇಕು. ಜುಲೈ ಬಂತೆಂದರೆ ಇಲ್ಲಿ ಉಪ್ಪು ನೀರಾಗುತ್ತದೆ, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ತೋಟದ ಕೆಲಸದವರ ಲೈನ್ ಮನೆಯಲ್ಲಿರುವವರು ಲೇಬಲ್ ಯಾರ ಕಣ್ಣಿಗಾದರೂ ಬಿದ್ದೀತು ಅಂತ ಮಾತ್ರೆಗಳನ್ನು ಪೇಪರಿನಲ್ಲಿ ಕಟ್ಟಿ ಬಟ್ಟೆಗಳ ನಡುವೆ ಇಡುತ್ತಾರೆ ಎಂದು ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದ ಕೌನ್ಸೆಲರ್ ಒಬ್ಬರು ಹೇಳಿದರು. ತೇವ ಹೀರುವ ಆ ಸಣ್ಣ ಪೊಟ್ಟಣ ಡಬ್ಬಿಯ ಜೊತೆ ತಿಪ್ಪೆಗೆ ಹೋಗಿರುತ್ತದೆ. ಲೇಬಲ್ ಮೇಲೆ ಬೇಕಾದರೆ ಕಾಗದ ಅಂಟಿಸಿ, ಡಬ್ಬಿ ಮಾತ್ರ ಬಿಡಬೇಡಿ. ಪೊಟ್ಟಣವೂ ಅದರೊಳಗೇ ಇರಲಿ.

ಮುಂದಿನ ಪ್ರಶ್ನೆ ಗ್ಯಾರಂಟಿ: “ಅಷ್ಟೆಲ್ಲ ಇದ್ದೂ ಪೂರ್ತಿ ವಾಸಿ ಆಗಲ್ಲ ಅಲ್ವಾ?” ಹೌದು, ಆಗಲ್ಲ. ವೈರಸ್ ತನ್ನ ಬೀಜವನ್ನು ನಮ್ಮದೇ ಬಿಳಿ ರಕ್ತಕಣಗಳ ಡಿಎನ್ಎ ಒಳಗೆ ಸೇರಿಸಿಬಿಡುತ್ತದೆ. ಅಂಥ ಕೆಲವು ಕಣ ವರ್ಷಾನುಗಟ್ಟಲೆ ಸುಮ್ನೆ ಮಲಗಿರುತ್ತವೆ. ವೈರಸ್ ಹೆಚ್ಚುವಾಗ ತಡೆಯುವುದಷ್ಟೇ ನಮ್ಮ ಔಷಧಿಗೆ ಗೊತ್ತು, ಮಲಗಿದ್ದನ್ನು ಹುಡುಕಲು ಬರುವುದಿಲ್ಲ. ತೋಟದವರಿಗೆ ಕಾಫಿ ಕಾಯಿ ಕೊರೆಯುವ ಬೆರ್ರಿ ಬೋರರ್ ಹುಳ ಗೊತ್ತಲ್ಲ. ಕೊಯ್ಲೆಲ್ಲ ಮುಗಿದರೂ ಗಿಡದಡಿ ಉದುರಿದ ಕಾಯಿಯೊಳಗೆ ಕೂತು ಮುಂದಿನ ಫಸಲಿಗೆ ಕಾಯುತ್ತದೆ. ಇದೂ ಹಾಗೇ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ ವಾಪಸ್.

ವಾಸಿಯಾದವರು ಇಲ್ಲವೇ ಇಲ್ಲ ಅಂತಲ್ಲ. ತಿಮೊಥಿ ರೇ ಬ್ರೌನ್ ಎಂಬ ಅಮೆರಿಕದವರಿಗೆ ರಕ್ತದ ಕ್ಯಾನ್ಸರ್ ಇತ್ತು. 2007ರಲ್ಲಿ ಬರ್ಲಿನ್‌ನಲ್ಲಿ ಅವರಿಗೆ ಕಾಂಡಕೋಶ ಕಸಿ ಮಾಡಿದರು, ಅಂದರೆ ರಕ್ತಕಣ ಹುಟ್ಟಿಸುವ ಕೋಶಗಳನ್ನು ಬೇರೆಯವರಿಂದ ತೆಗೆದು ಹಾಕಿದರು. ವೈರಸ್ ಒಳನುಗ್ಗಲು ಬಳಸುವ ಸಿಸಿಆರ್5 ಎಂಬ ಬಾಗಿಲೇ ಇಲ್ಲದ ದಾನಿಯನ್ನು ಹುಡುಕಿದ್ದರು. ಎಚ್‌ಐವಿ ಹೋಯಿತು. ಆದರೆ ಆ ಕಸಿ ಜೀವಕ್ಕೇ ಅಪಾಯ. ಮಾತ್ರೆ ತಿಂದುಕೊಂಡು ಆರಾಮಾಗಿರುವವರಿಗೆ ಯಾವ ಡಾಕ್ಟರೂ ಅದನ್ನು ಮಾಡಿಸಿಕೊಳ್ಳಿ ಅನ್ನುವುದಿಲ್ಲ.

ಆರಾಮಾಗಿ ಅನ್ನುವುದು ಬರೀ ಮಾತಲ್ಲ. ತಪ್ಪದೆ ಮಾತ್ರೆ ತೆಗೆದುಕೊಂಡು, ರಕ್ತ ಪರೀಕ್ಷೆಯಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದು, ಹಾಗೇ ಉಳಿದರೆ, ಅವರಿಂದ ಗಂಡನಿಗೋ ಹೆಂಡತಿಗೋ ಲೈಂಗಿಕವಾಗಿ ಎಚ್‌ಐವಿ ಹರಡುವುದಿಲ್ಲ. ಮದುವೆ ಊಟದಲ್ಲಿ ಇದನ್ನು ಹೇಳಿದರೆ ಎದುರಿನವರು ತುತ್ತು ನಿಲ್ಲಿಸಿ ನೋಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಇಷ್ಟು ದೊಡ್ಡ ಸಂಗತಿ ಊರಿಗೆ ಯಾಕೆ ತಲುಪಿಲ್ಲ?

ಈಗ ಲೆನಾಕಾಪವಿರ್ ಬಂದಿದೆ. ಸೋಂಕು ಇಲ್ಲದವರಿಗೆ ತಗಲದಂತೆ ಕಾಪಾಡಲು ಆರು ತಿಂಗಳಿಗೊಮ್ಮೆ ಇಂಜೆಕ್ಷನ್. ಆಫ್ರಿಕಾದಲ್ಲಿ 2,134 ಹೆಂಗಸರ ಮೇಲೆ ನೋಡಿದಾಗ ಒಬ್ಬರಿಗೂ ಸೋಂಕು ತಗಲಲಿಲ್ಲ. ಅಮೆರಿಕದಲ್ಲಿ ಬೆಲೆ ವರ್ಷಕ್ಕೆ 28,000 ಡಾಲರ್ ಮೇಲೆ. ಭಾರತದ ಕಂಪನಿಗಳು 2027ರಿಂದ ಬಡ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರ್‌ಗೆ ಕೊಡುತ್ತೇವೆ ಅಂದಿವೆ. ಸೋಂಕು ಇರುವವರಿಗೆ ಇದೊಂದೇ ಸಾಲದು, ಬೇರೆ ಔಷಧಿಯೂ ಜೊತೆಗೆ ಬೇಕು. ಅವರಿಗೂ ಪೂರ್ತಿ ಇಂಜೆಕ್ಷನ್‌ನಲ್ಲೇ ಮುಗಿಯುವ ಜೋಡಿ ಸಿಗಲಿ ಅಂತ ಕೆಲಸ ನಡೆದಿದೆ. ಆಮೇಲೆ ಡಬ್ಬಿಯೂ ಇಲ್ಲ, ಲೇಬಲ್ಲೂ ಇಲ್ಲ, ನನ್ನಂಥವರಿಗೆ ಕೆಲಸವೂ ಇಲ್ಲ. ಆಗಲಿ, ಬೇಗ ಬರಲಿ.