"ಹೊಟ್ಟಿ ಆಪರೇಷನ್ ಆದಮ್ಯಾಲೆ ಮನಸ್ಸಿನ ಡಾಕ್ಟರ್ ಯಾಕ?" ಅಂತ ಕೇಳೋರಿಗೆ

ತೂಕ ಇಳಸಾಕ ಆಪರೇಷನ್ ಮಾಡಿಸ್ಕೊಂಡಿ, ಇಳೀತು ಕೂಡ, ಮತ್ಯಾಕ ಮನಸ್ಸಿನ ಡಾಕ್ಟರ್ ಹತ್ರ ಹೋಗ್ತಿ? ಬಳ್ಳಾರಿಯಾಗ ನನ್ನ ಪರಿಚಯದ ಎಲ್ಲರೂ ಇದನ್ನ ಕೇಳಿ ಆಗೈತಿ. ಬಾಯಿಂದ ಹೇಳಿ ಹೇಳಿ ಸಾಕಾತು, ಇನ್ಮುಂದ ಕೇಳಿದೋರಿಗೆ ಇದನ್ನೇ ವಾಟ್ಸಾಪ್ ಮಾಡ್ತೀನಿ.

ನನಗ ಮಾಡಿದ್ದು ಸ್ಲೀವ್. ಹೊಟ್ಟಿಯ ಮುಕ್ಕಾಲು ಭಾಗ ತೆಗದು ಬಾಳಿಹಣ್ಣಿನಂಥ ಒಂದು ಕೊಳವಿ ಉಳಸ್ತಾರ. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ತಯಾರಾಗೋದು ಆ ತೆಗದ ಭಾಗದಾಗ, ಹಂಗಾಗಿ ಮೊದಮೊದಲು ಹಸಿವೇ ಗೊತ್ತಾಗಂಗಿಲ್ಲ. ಆದ್ರ ಮನ್ಯಾಗ ಜಗಳ ಆದಾಗ, ರಾತ್ರಿ ಒಬ್ಬಳೇ ಎದ್ದು ಕುಂತಾಗ ಬಾಯಿಗೆ ಏನಾರ ಬೇಕು ಅನಿಸ್ತೈತಲ್ಲ, ಅದಕ್ಕೂ ಹಸಿವಿಗೂ ಏನು ಸಂಬಂಧ? ಒಂದೇ ಸಲ ನಾಕು ಮಿರ್ಚಿ ತಿನ್ನಾಕ ಆಗಂಗಿಲ್ಲ, ನಿಜ. ಬಿಸ್ಕೀಟು, ಐಸ್‌ಕ್ರೀಮು, ಸಕ್ರಿ ಚಾ, ಹಿಡಿ ಹಿಡಿ ಒಗ್ಗರಣಿ ಮಂಡಕ್ಕಿ ಮಾತ್ರ ಬೆಳಗಿಂದ ರಾತ್ರಿ ತನಕ ಸಲೀಸಾಗಿ ಇಳೀತಾವ, ತೂಕಾನೂ ಅದೇ ದಾರೀಲೆ ವಾಪಸ್ ಬರ್ತೈತಿ.

ಸಿರುಗುಪ್ಪದಾಗ ಒಂದು ಮದುವಿ. ಪಂಕ್ತಿಯಾಗ ನಮ್ಮ ಸೋದರತ್ತಿ ನನ್ನ ಎಲಿಗೆ ಎರಡನೇ ಹೋಳಿಗಿ ಹಾಕ್ಸಿ, "ತಿನ್ನವ್ವ, ಹೊಟ್ಟಿ ಕೊಯ್ಸಿಕೊಂಡೀಯಲ್ಲ, ಇನ್ನೆಲ್ಲಿ ದಪ್ಪ ಆಗ್ತಿ" ಅಂದ್ಲು. ಆಮ್ಯಾಲೆ ಪಕ್ಕದಾಕಿ ಕಡೆ ತಿರುಗಿ, "ಪಾಪ, ತಲಿ ಡಾಕ್ಟರ್‌ಗೆ ತೋರಸಾಕತ್ತಾಳ, ಯಾರಿಗೂ ಹೇಳಬ್ಯಾಡ" ಅಂತ ಇಡೀ ಪಂಕ್ತಿಗೆ ಕೇಳೋ ಹಂಗ ಹೇಳಿದ್ಲು. ಹುಡುಗರೆಲ್ಲ ನಕ್ಕರು. "ಅತ್ತಿ, ನೀನು ಶುಗರ್‌ಗೆ ಗುಳಿಗಿ ತಗೊಂತಿ, ಅದನ್ನ್ಯಾಕ ಮುಚ್ಚಿಡಂಗಿಲ್ಲ?" ಅಂದೆ. "ಶುಗರ್ ಎಲ್ಲರಿಗೂ ಬರ್ತೈತಿ" ಅಂದ್ಲು.

ಇದೂ ಬರ್ತೈತಿ. ಹತ್ತಾರು ಅಧ್ಯಯನ ಕೂಡಿಸಿ ಲೆಕ್ಕ ಹಾಕಿದ್ದು 2016ರಾಗ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಾಗ ಬಂತು: ಈ ಆಪರೇಷನ್‌ಗೆ ಬರೋರಾಗ ನೂರಕ್ಕ 19 ಮಂದಿಗೆ ಡಿಪ್ರೆಶನ್, 17 ಮಂದಿಗೆ ಹಿಡಿತ ತಪ್ಪಿ ತಿನ್ನೋ ಕಾಯಿಲೆ. ಮೊದಲೇ ಡಿಪ್ರೆಶನ್ ಇದ್ರ ತೂಕ ಕಮ್ಮಿ ಇಳೀತೈತಿ ಅನ್ನಾಕ ಅದರಾಗ ಗಟ್ಟಿ ಸಾಕ್ಷಿ ಸಿಗಲಿಲ್ಲ, ಆಪರೇಷನ್ ಆದಮ್ಯಾಲೆ ಡಿಪ್ರೆಶನ್ ಇಳದೋರೂ ಅದಾರ. ಹಂಗಾಗಿ "ಟೆನ್ಶನ್ ಇರೋರು ಮಾಡಿಸ್ಕೊಬಾರ್ದು" ಅನ್ನೋ ಮಾತು ಬಿಡ್ರಿ. ನೋಡ್ಕೊಬೇಕಾಗಿದ್ದು ಆಪರೇಷನ್ ಆದಮ್ಯಾಲೆ ಹಿಡಿತ ತಪ್ಪಿ ತಿನ್ನೋದು ಮತ್ತ ಶುರು ಆಗ್ತೈತೇನು ಅಂತ. ನಾನು ಡಾಕ್ಟರ್ ಹತ್ರ ಹೋಗೋದು ಅದಕ್ಕ.

ಅದೂ ಬಳ್ಳಾರಿಯಾಗ ನಿಂತು ಇದನ್ನ ಕೇಳ್ತಾರಲ್ಲ! 1985ರಾಗ ನಿಮ್ಹಾನ್ಸ್‌ನೋರು ಇದೇ ನಮ್ಮ ಜಿಲ್ಲಾದಾಗ, ಹಳ್ಳಿ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೇ ಟ್ರೈನಿಂಗ್ ಕೊಟ್ಟು ಮನಸ್ಸಿನ ಕಾಯಿಲೆಗೆ ಅಲ್ಲೇ ಔಷಧ ಸಿಗೋ ಹಂಗ ಮಾಡಾಕ ಶುರು ಮಾಡಿದ್ರು, ಅದನ್ನ ಮಾದರಿ ಇಟ್ಕೊಂಡೇ 1996ರಾಗ ದೇಶಕ್ಕ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಓದಿದೋರು ಈಗಲೂ "ಬಳ್ಳಾರಿ ಮಾದರಿ" ಅಂತಾರ. ನಮ್ಮ ಊರಾಗ ಇನ್ನೂ "ಯಾರಿಗೂ ಹೇಳಬ್ಯಾಡ".

ನನ್ನನ್ನ ಕೇಳಬೇಕಾಗಿದ್ದ ಪ್ರಶ್ನೆ ಬ್ಯಾರೆ ಐತಿ: ಎರಡನೇ ವರ್ಷ ಹೆಂಗ ನಡದೈತಿ? ಮೊದಲ ವರ್ಷ ಎಲ್ಲರೂ ಎಷ್ಟು ಕೆಜಿ ಅಂತ ಕೇಳ್ತಾರ, ಹೊಗಳ್ತಾರ. ಆಮ್ಯಾಲೆ ತೂಕ ಇಳಿಯೋದು ನಿಲ್ತೈತಿ, ಕೇಳೋರೂ ನಿಲ್ತಾರ, ಚರ್ಮ ಜೋತು ಬಿದ್ದಿರ್ತೈತಿ, ತೂಕ ಹೋದ್ರ ಸರಿ ಹೋಗ್ತೈತಿ ಅಂದ್ಕೊಂಡಿದ್ದ ಸಂಸಾರದ ತಾಪತ್ರಯ ಹಂಗೇ ಇರ್ತೈತಿ. ಕೆನಡಾದ ಒಂಟಾರಿಯೊದಾಗ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಮ್ಯಾಲೆ ಮಾಡಿದ ಅಧ್ಯಯನದಾಗ, ತಮಗ ತಾವೇ ಹಾನಿ ಮಾಡ್ಕೊಂಡು ಎಮರ್ಜೆನ್ಸಿಗೆ ಬರೋದು ಆಪರೇಷನ್ ಆದಮ್ಯಾಲೆ ನೂರಕ್ಕ 50ರಷ್ಟು ಹೆಚ್ಚಾಗಿತ್ತು, ಬಹಳಷ್ಟು ಎರಡನೇ, ಮೂರನೇ ವರ್ಷದಾಗ. ಅಂಥೋರು ಕಮ್ಮಿ, ನೂರಕ್ಕ ಇಬ್ಬರೂ ಇಲ್ಲ, ಆದ್ರ ಅವರೂ ಯಾರದೋ ಮನಿ ಮಕ್ಕಳು. ತೂಕ ಇಳಸಾಕ ಮಾಡೋ ಇನ್ನೊಂದು ಥರದ ಆಪರೇಷನ್, ಹೊಟ್ಟಿಯ ಬೈಪಾಸ್ ಆದೋರಿಗೆ ಕುಡದ ಎಣ್ಣಿ ಬ್ಯಾಗ ತಲಿಗೆ ಏರ್ತೈತಿ, ಅಮೆರಿಕದಾಗ ನೋಡಿದಾಗ ಕುಡಿತದ ತೊಂದ್ರಿ ಹೆಚ್ಚಾಗಿದ್ದೂ ಎರಡನೇ ವರ್ಷಾನೇ. ಡಿಪ್ರೆಶನ್ ಗುಳಿಗಿ ಮೊದಲಿನಂಗ ಮೈಗೆ ಹತ್ತದೇ ಇರಬಹುದು, ನೀವೇ ಬಿಡಬ್ಯಾಡ್ರಿ, ಡೋಸ್ ಬಗ್ಗೆ ಡಾಕ್ಟರ್‌ಗೆ ಕೇಳ್ರಿ. ಬಿ12 ಕಮ್ಮಿ ಆದ್ರೂ ಮನಸ್ಸು ಕುಗ್ತೈತಿ, ಅದನ್ನೂ ಚೆಕ್ ಮಾಡಿಸ್ರಿ.

ನಿಮ್ಮ ಪೈಕಿ ಯಾರಾದ್ರೂ ಈ ಆಪರೇಷನ್ ಮಾಡಿಸ್ಕೊಂಡು ವರ್ಷ ದಾಟಿದ್ರ ಈಗ ಫೋನ್ ಮಾಡ್ರಿ, ಕೆಜಿ ಮಾತು ಎತ್ತಬ್ಯಾಡ್ರಿ. ಹೇಳ್ಕೊಳ್ಳಾಕ ಯಾರೂ ಇಲ್ಲ ಅನ್ನೋರು ಸರ್ಕಾರದ ಮನಸ್ಸಿನ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಹಚ್ರಿ, ನಂಬರ್ 14416, ದುಡ್ಡು ಕೇಳಂಗಿಲ್ಲ, ಕನ್ನಡದಾಗೇ ಮಾತಾಡ್ತಾರ.