ಯಾವ ವಿಷ, ಎಷ್ಟು ಮಿಲಿಗ್ರಾಂ?

ಹೋದ ವರ್ಷ ಶ್ರಾವಣದ ಒಂದು ಮುಂಜಾನೆ ಅಣ್ಣನ ಮಗಳು ಫೋನ್ ಮಾಡಿ, “ಕಾಕಾ, ಅವ್ವ ಹೆಂಗ್ಯಾರ ಮಾಡಾಕತ್ತಾಳ, ಲಗೂನ ಬರ್ರಿ” ಎಂದಳು. ವಿಜಯಪುರದಲ್ಲಿ ಅವರ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆಗಿದೆ. ನಾನು ಹೋಗುವಷ್ಟರಲ್ಲಿ ವೈನಿ ಪಡಸಾಲೆಯ ಗೋಡೆಗೆ ಒರಗಿ ಕುಳಿತಿದ್ದರು. ಸೆರಗು ಬೆವರಿನಿಂದ ತೊಯ್ದಿತ್ತು, ಕೈಬೆರಳು ನಡುಗುತ್ತಿದ್ದವು, ಏನೋ ಹೇಳಲು ಹೋದರೆ ಮಾತು ತೊದಲುತ್ತಿತ್ತು. ಮನೆಯಲ್ಲಿದ್ದ ಗ್ಲುಕೋಮೀಟರಿನಲ್ಲಿ ನೋಡಿದಾಗ ರಕ್ತದ ಸಕ್ಕರೆ 48 ಬಂತು. 70ಕ್ಕಿಂತ ಕೆಳಗಿಳಿದರೆ ಅಪಾಯ ಎಂಬುದು ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಎಲ್ಲರೂ ತಿಳಿದಿರಬೇಕಾದ ಲೆಕ್ಕ. ನುಂಗುವಷ್ಟು ಎಚ್ಚರ ಇನ್ನೂ ಇದ್ದುದರಿಂದ ಸಕ್ಕರೆ ನೀರು ಕುಡಿಸಿ, ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದೆವು. ಅವರು ತೆಗೆದುಕೊಳ್ಳುವ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆಯ ಪರಿಣಾಮ ಬಹಳ ಹೊತ್ತು ಉಳಿಯುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು ಎಂದು ಒಂದು ದಿನ ಅಲ್ಲಿಯೇ ಇರಿಸಿಕೊಂಡರು.

ಕಾರಣ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಪರಿಚಯದವರೊಬ್ಬರ ವಾಟ್ಸಾಪ್ ಗುಂಪಿನ ಮೂಲಕ ತರಿಸಿದ ಏಳು ದಿನಗಳ ಡಿಟಾಕ್ಸ್, ಅಂದರೆ ವಿಷ ತೆಗೆಯುತ್ತದೆ ಎನ್ನುವ ಪೊಟ್ಟಣ, ಬೆಲೆ ಮೂರು ಸಾವಿರದ ಇನ್ನೂರು ರೂಪಾಯಿ. ಮುಂಜಾನೆ ಲಿಂಬೆಹಣ್ಣು, ಶುಂಠಿ ಹಾಕಿದ ಬಿಸಿನೀರು, ಊಟದ ಹೊತ್ತಿಗೆ ಸೊಪ್ಪು ತರಕಾರಿಗಳ ರಸ, ಮಲಗುವ ಮುನ್ನ ಒಂದು ಚಮಚ ಪುಡಿ. ರೊಟ್ಟಿ, ಅನ್ನ, ಬೇಳೆ ಏಳು ದಿನ ನಿಷಿದ್ಧ. ವೈನಿ ಅದನ್ನು ನಾಲ್ಕು ದಿನ ಶ್ರದ್ಧೆಯಿಂದ ಪಾಲಿಸಿದ್ದರು, ಜೊತೆಗೆ ಸಕ್ಕರೆಯ ಗುಳಿಗೆಯನ್ನೂ ಎಂದಿನಂತೆ ನುಂಗಿದ್ದರು. ನನಗೆ ಹೆಚ್ಚು ನೋವಾದ ಸಂಗತಿ ಇನ್ನೊಂದು. ಶ್ರಾವಣ ಸೋಮವಾರದ ಒಪ್ಪತ್ತನ್ನು ಅವರು ಮೂವತ್ತು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. ಸಕ್ಕರೆ ಕಾಯಿಲೆ ಬಂದ ಮೇಲೆ ಆ ದಿನ ಗುಳಿಗೆಯನ್ನು ಎಷ್ಟು, ಯಾವಾಗ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಿಯೇ ಮಾಡುತ್ತಿದ್ದವರು. ಈ ಪೊಟ್ಟಣಕ್ಕೆ ಮಾತ್ರ ಕೇಳಲಿಲ್ಲ, ಏಕೆಂದರೆ ಅದು ಔಷಧವಲ್ಲ, ಬರೀ ನೈಸರ್ಗಿಕ ಎಂದು ಅವರಿಗೆ ಹೇಳಲಾಗಿತ್ತು.

ಎರಡನೆಯ ದಿನವೇ ತಲೆ ಸುತ್ತಿತ್ತಂತೆ. ಗುಂಪಿನಲ್ಲಿ ಕೇಳಿದಾಗ, “ವಿಷ ಹೊರಗ ಬರಾಕತ್ತೈತ್ರಿ, ಛಲೋ ಆತು, ಬಿಡಬ್ಯಾಡ್ರಿ” ಎಂಬ ಉತ್ತರ ಬಂದಿತ್ತು. ಈ ಒಂದು ಮಾತೇ ಇಡೀ ವ್ಯವಹಾರದಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಎಂದು ನಾನು ತಿಳಿದಿದ್ದೇನೆ. ತಲೆಸುತ್ತು, ನಡುಕ, ಬೆವರು, ಎದೆಬಡಿತ ಇವು ಸಕ್ಕರೆ ಇಳಿದಿದೆ ಎಂದು ಶರೀರ ಕೂಗಿ ಹೇಳುವ ಲಕ್ಷಣಗಳು. ಅವನ್ನೇ ಗುಣವಾಗುತ್ತಿರುವ ಗುರುತು ಎಂದು ಕಲಿಸಿಬಿಟ್ಟರೆ, ಮನುಷ್ಯ ಅಪಾಯದ ಕಡೆಗೆ ನಡೆದಷ್ಟೂ ಅವನ ಧೈರ್ಯ ಹೆಚ್ಚುತ್ತಾ ಹೋಗುತ್ತದೆ.

ನಾನು ಬಹಳ ವರ್ಷ ಕುಡಿಯುವ ನೀರಿನ ಪರೀಕ್ಷೆಯ ಕೆಲಸ ಮಾಡಿದವನು. ಹಳ್ಳಿಯ ಹೆಸರು, ಕೊಳವೆಬಾವಿಯ ಗುರುತು, ತಾರೀಖು ಬರೆದ ಪ್ಲಾಸ್ಟಿಕ್ ಬಾಟಲಿಗಳು ನಮ್ಮ ಮೇಜಿಗೆ ಬರುತ್ತಿದ್ದವು. ಫ್ಲೋರೈಡ್ ನೋಡಲು ಒಂದು ಕೆಂಪು ದ್ರಾವಣವನ್ನು ಆ ನೀರಿಗೆ ಬೆರೆಸುತ್ತೇವೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ಮಾಸುತ್ತದೆ, ಮಾಸಿದ ಪ್ರಮಾಣವನ್ನು ಯಂತ್ರ ಅಳೆಯುತ್ತದೆ. “ಈ ನೀರಿನಲ್ಲಿ ವಿಷವಿದೆ” ಎಂದು ಬರೆದುಕೊಟ್ಟರೆ ಯಾವ ಅಧಿಕಾರಿಯೂ ಒಪ್ಪುತ್ತಿರಲಿಲ್ಲ, ಒಪ್ಪಲೂಬಾರದು. ಯಾವ ವಸ್ತು, ಲೀಟರಿಗೆ ಎಷ್ಟು ಮಿಲಿಗ್ರಾಂ, ಮಿತಿ ಎಷ್ಟು, ಇಷ್ಟನ್ನೂ ಬರೆಯಬೇಕು. ಆದ್ದರಿಂದ ಪೊಟ್ಟಣದ ಮೇಲೆ “ಶರೀರದ ವಿಷಗಳನ್ನು ಹೊರಹಾಕುತ್ತದೆ” ಎಂಬ ಸಾಲನ್ನು ಓದಿದಾಗ ನನ್ನ ಮನಸ್ಸಿಗೆ ಬಂದದ್ದು ಹಳೆಯ ಅಭ್ಯಾಸದ ಪ್ರಶ್ನೆ: ಯಾವ ವಿಷ? ಮೊದಲ ದಿನ ರಕ್ತದಲ್ಲಿ ಎಷ್ಟಿತ್ತು, ಏಳನೆಯ ದಿನ ಎಷ್ಟಾಯಿತು?

ಇದೇ ಪ್ರಶ್ನೆಯನ್ನು 2009ರಲ್ಲಿ ಬ್ರಿಟನ್ನಿನ ಸೆನ್ಸ್ ಅಬೌಟ್ ಸೈನ್ಸ್ ಎಂಬ ಸಂಸ್ಥೆಯ ಜೊತೆಗಿದ್ದ ಯುವ ವಿಜ್ಞಾನಿಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ 15 ಡಿಟಾಕ್ಸ್ ಉತ್ಪನ್ನಗಳ ತಯಾರಕರಿಗೆ ಕೇಳಿದ್ದರು. ಪಾನೀಯದಿಂದ ಹಿಡಿದು ಶಾಂಪೂವಿನವರೆಗೆ ಆ ಪಟ್ಟಿಯಲ್ಲಿ ಏನೇನೋ ಇದ್ದವು. ಯಾವ ವಿಷವನ್ನು ತೆಗೆಯುತ್ತೇವೆ ಎಂಬುದಕ್ಕೆ ನಂಬಬಹುದಾದ ಪುರಾವೆಯನ್ನು ಒಬ್ಬರೂ ಕೊಡಲಾಗಲಿಲ್ಲ. ಡಿಟಾಕ್ಸ್ ಎಂಬ ಪದಕ್ಕೆ ಇಬ್ಬರು ಒಂದೇ ಅರ್ಥವನ್ನೂ ಹೇಳಲಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದಾಗ, ಮಾರುಕಟ್ಟೆಯ ಡಿಟಾಕ್ಸ್ ಆಹಾರಕ್ರಮಗಳನ್ನು ಸರಿಯಾದ ಹೋಲಿಕೆಯೊಂದಿಗೆ, ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ ಒಂದು ಪ್ರಯೋಗವೂ ಅವರಿಗೆ ಸಿಗಲಿಲ್ಲ.

ಹಾಗಾದರೆ ನಮ್ಮ ಶರೀರದಲ್ಲಿ ಹೊರಹಾಕಬೇಕಾದದ್ದು ಏನೂ ಇಲ್ಲವೇ ಎಂದರೆ, ಬೇಕಾದಷ್ಟಿದೆ, ಮತ್ತು ಅದಕ್ಕೆಲ್ಲ ಹೆಸರಿದೆ. ತಿಂದ ಬೇಳೆ, ಹಾಲು, ಮಾಂಸಗಳ ಪ್ರೋಟೀನ್ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಯಕೃತ್ತು ಅದನ್ನು ಯೂರಿಯಾ ಆಗಿ ಬದಲಾಯಿಸುತ್ತದೆ, ಮೂತ್ರಪಿಂಡ ಅದನ್ನು ಹೊರಗೆ ಕಳಿಸುತ್ತದೆ. ಹಳೆಯ ಕೆಂಪು ರಕ್ತಕಣಗಳು ಒಡೆದು ಬಿಲಿರುಬಿನ್ ಆಗುತ್ತದೆ. ಅದು ಪಿತ್ತದ ಮೂಲಕ ಕರುಳಿಗೆ ಇಳಿಯುತ್ತದೆ. ನಾವು ನುಂಗುವ ಪ್ಯಾರಸಿಟಮಾಲ್, ಕುಡಿಯುವವರ ಹೊಟ್ಟೆಗೆ ಹೋದ ಮದ್ಯ, ಇವುಗಳನ್ನೂ ಸುಮಾರು ಒಂದೂವರೆ ಕಿಲೋ ತೂಕದ ಆ ಯಕೃತ್ತೇ ಸಂಭಾಳಿಸುತ್ತದೆ. ಎರಡು ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದದ್ದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ಹದಿನೈದು ಲೀಟರ್ ಹಿಡಿಯುವ ಕೊಡದ ಲೆಕ್ಕದಲ್ಲಿ ಅದು ದಿನಕ್ಕೆ ಹನ್ನೆರಡು ಕೊಡ, ಸೂಟಿಯಿಲ್ಲದ ದುಡಿಮೆ. ಈ ಅಂಗಗಳು ಕೆಟ್ಟಾಗ ಬೇಕಾಗುವುದು ಡಯಾಲಿಸಿಸ್ ಅಥವಾ ಯಕೃತ್ತಿನ ಚಿಕಿತ್ಸೆ. ಚೆನ್ನಾಗಿದ್ದಾಗ ಲಿಂಬೆರಸ ಅವುಗಳ ಕೆಲಸಕ್ಕೆ ಏನನ್ನೂ ಸೇರಿಸುವುದಿಲ್ಲ. ಇಂಡಿ ತಾಲ್ಲೂಕಿನ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿರುವ ಜಿಲ್ಲೆ ನಮ್ಮದು. ಆ ಹಣ್ಣಿನ ಮೇಲೆ ನನಗೆ ಅಭಿಮಾನವಿದೆ, ಅದರಲ್ಲಿ ಸಿ ಜೀವಸತ್ವವೂ ಇದೆ, ಆದರೆ ಅದು ಯಕೃತ್ತನ್ನು ತೊಳೆಯುವುದಿಲ್ಲ.

ಮಲಗುವ ಮುನ್ನ ನುಂಗುತ್ತಿದ್ದ ಪುಡಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ “ಹೊಟ್ಟಿ ಸ್ವಚ್ಛ ಆತು, ಮೈ ಹಗುರಾತು” ಎಂಬ ಅನುಭವ ಬರುವುದು ಅದರಿಂದಲೇ. ಅದರ ಮುಖ್ಯ ಪದಾರ್ಥ ಸೋನಾಮುಖಿ ಎಲೆ. ಅದು ದೊಡ್ಡ ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ. ಆಹಾರದ ಸತ್ವವೆಲ್ಲ ಬಹುಮಟ್ಟಿಗೆ ಸಣ್ಣ ಕರುಳಿನಲ್ಲಿಯೇ ರಕ್ತಕ್ಕೆ ಸೇರಿಬಿಟ್ಟಿರುವುದರಿಂದ, ಭೇದಿಯಲ್ಲಿ ಹೋಗುವುದು ನೀರು, ಉಪ್ಪಿನಂಶ, ಪೊಟ್ಯಾಸಿಯಂ. ಜೊತೆಗೆ, ಊಟ ಬಿಟ್ಟಾಗ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಖರ್ಚಾಗುತ್ತದೆ. ಅದರ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುವುದರಿಂದ ಆ ನೀರೂ ಹೋಗುತ್ತದೆ. ನಾಲ್ಕು ದಿನದಲ್ಲಿ ವೈನಿ ಎರಡು ಕಿಲೋ ಇಳಿದದ್ದು ಹೀಗೆ. ಮತ್ತೆ ರೊಟ್ಟಿ ತಿನ್ನಲು ತೊಡಗಿದ ಒಂದು ವಾರದಲ್ಲಿ ಆ ಎರಡು ಕಿಲೋ ಮರಳಿ ಬಂದವು.

ಕರುಳಿನಲ್ಲಿ ನಿಂತ ಮಲದಿಂದ ರಕ್ತಕ್ಕೆ ವಿಷ ಏರುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ನಮ್ಮ ಚಿಕ್ಕಂದಿನಲ್ಲಿ ಅವ್ವ ಆಗಾಗ ಒಂದು ದಿನ ನಮ್ಮನ್ನೆಲ್ಲ ಸಾಲಾಗಿ ಕೂಡಿಸಿ ಔಡಲೆಣ್ಣೆ ಕುಡಿಸುತ್ತಿದ್ದರು. ಹೊಟ್ಟೆಹುಳ ಸಾಮಾನ್ಯವಾಗಿದ್ದ, ಗುಳಿಗೆ ಸುಲಭವಾಗಿ ಸಿಗದ ಕಾಲ ಅದು, ಅವರ ಕಾಳಜಿಯನ್ನು ನಾನು ಎಂದೂ ಹಗುರವಾಗಿ ಕಾಣಲಾರೆ. ಈಗ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಗುಳಿಗೆ ಕೊಡುತ್ತಾರೆ, ಹುಳಕ್ಕೆ ಅದೇ ಔಷಧ. ಆದರೆ ಮಲಬದ್ಧತೆಯಿದ್ದಾಗ ತಲೆನೋವು, ಜಡತನ ಬರುವುದಂತೂ ನಿಜವಲ್ಲವೇ? ನಿಜ. 1919ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಅಲ್ವಾರೆಜ್ ಈ ಪ್ರಶ್ನೆಯನ್ನೇ ಎತ್ತಿಕೊಂಡು, ಗುದನಾಳದಲ್ಲಿ ಬರಿಯ ಹತ್ತಿಯನ್ನು ತುಂಬಿದರೂ ಅದೇ ತಲೆನೋವು, ಅದೇ ಜಡತನ ಬರುತ್ತವೆ, ಹತ್ತಿ ತೆಗೆದ ಕೂಡಲೇ ಹೋಗುತ್ತವೆ ಎಂದು ತೋರಿಸಿದರು. ಹತ್ತಿಯಲ್ಲಿ ವಿಷವಿಲ್ಲ, ಆ ತೊಂದರೆ ಕರುಳಿನ ಒತ್ತಡದಿಂದ ನರಗಳ ಮೂಲಕ ಬರುವುದು. ನೂರು ವರ್ಷ ಹಿಂದೆಯೇ ಇತ್ಯರ್ಥವಾದ ಮಾತು ಇವತ್ತಿಗೂ ಪೊಟ್ಟಣದ ಮೇಲೆ ಅಚ್ಚಾಗುತ್ತಿರುವುದನ್ನು ಕಂಡರೆ ಸಂಕಟವಾಗುತ್ತದೆ.

ಪಿತ್ತಕೋಶದ ಹರಳು ಬೀಳಿಸುವ ಉಪಾಯವೂ ಇದೇ ಜಾತಿಯದು. ಕೆಲವು ದಿನ ಹಣ್ಣಿನ ರಸ, ಆಮೇಲೆ ಆಲಿವ್ ಎಣ್ಣೆ ಮತ್ತು ಲಿಂಬೆರಸ ಕುಡಿದರೆ ಮರುದಿನ ಮಲದಲ್ಲಿ ಹಸಿರು ಹರಳುಗಳು ಕಾಣುತ್ತವೆ. ಕಣ್ಣಾರೆ ಕಂಡವರು ನಂಬದೆ ಇರುವುದು ಹೇಗೆ? ರೋಗಿಯೊಬ್ಬರ ಅಂಥ ಹರಳುಗಳನ್ನು ಪರೀಕ್ಷಿಸಿದ ನ್ಯೂಜಿಲೆಂಡಿನ ವೈದ್ಯರು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಂತೆ, ಅವುಗಳಲ್ಲಿ ಇದ್ದದ್ದು ಮುಖ್ಯವಾಗಿ ಕೊಬ್ಬಿನ ಆಮ್ಲಗಳು. ಕುಡಿದ ಎಣ್ಣೆಯೇ ರಸದ ಪೊಟ್ಯಾಸಿಯಮ್ಮಿನೊಂದಿಗೆ ಸೇರಿ ಹೊಟ್ಟೆಯೊಳಗೆ ಸಾಬೂನಿನಂತೆ ಗಟ್ಟಿಯಾಗಿತ್ತು. ರೋಗಿಯ ನಿಜವಾದ ಹರಳುಗಳು ಪಿತ್ತಕೋಶದಲ್ಲಿಯೇ ಇದ್ದವು.

ನೈಸರ್ಗಿಕವಾದದ್ದು ತೊಂದರೆ ಕೊಡುವುದಿಲ್ಲ ಎಂಬ ಮಾತಿಗೂ ಉತ್ತರ ಹೇಳಲೇಬೇಕು. ಕಹಿಯಾದ ಸೋರೆಕಾಯಿಯಲ್ಲಿ ಕುಕರ್ಬಿಟಾಸಿನ್ ಎಂಬ ವಿಷಕಾರಿ ಅಂಶವಿರುತ್ತದೆ. 2010ರಲ್ಲಿ ಅಂಥ ರಸ ಕುಡಿದು ದೆಹಲಿಯ ವಿಜ್ಞಾನಿಯೊಬ್ಬರು ತೀರಿಕೊಂಡ ಮೇಲೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಕಹಿ ಸೋರೆಯ ರಸವನ್ನು ಕುಡಿಯಲೇಬಾರದೆಂದು ಎಚ್ಚರಿಸಿತು. ಅಮೃತಬಳ್ಳಿಯ ಕಷಾಯ ಕುಡಿದ ಆರು ಜನರಿಗೆ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲವಾದರೂ, ಮರುವರ್ಷ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಅಂಥ 43 ರೋಗಿಗಳ ವಿವರ ಪ್ರಕಟಿಸಿದರು. ಪಂಚಕರ್ಮದ ವಿಚಾರವನ್ನು ನಾನು ಇಲ್ಲಿ ಬೆರೆಸುತ್ತಿಲ್ಲ. ಕಲಿತ ವೈದ್ಯರು ನಾಡಿ ನೋಡಿ, ನುಂಗುತ್ತಿರುವ ಗುಳಿಗೆಗಳನ್ನು ಕೇಳಿ ಮಾಡುವ ಚಿಕಿತ್ಸೆ ಬೇರೆ, ಯಾರನ್ನೂ ನೋಡದೆ ಎಲ್ಲರಿಗೂ ಒಂದೇ ಪೊಟ್ಟಣ ಕಳಿಸುವುದು ಬೇರೆ.

ಡಿಟಾಕ್ಸ್ ಮಾಡಿ ನಿಜವಾಗಿಯೂ ಆರಾಮಾದೆವು ಎನ್ನುವವರಿದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಆ ಏಳು ದಿನ ಅವರು ದಿನಕ್ಕೆ ಆರು ಕಪ್ ಸಕ್ಕರೆ ಚಹಾ ಬಿಟ್ಟಿರುತ್ತಾರೆ, ಸಂಜೆಯ ಮಿರ್ಚಿ ಭಜಿ ಬಿಟ್ಟಿರುತ್ತಾರೆ, ಗುಟ್ಕಾ ಅಥವಾ ಮದ್ಯ ಬಿಟ್ಟಿರುತ್ತಾರೆ, ಲಗೂನೆ ಮಲಗಿರುತ್ತಾರೆ. ಲಾಭ ಅದರದು. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಮೆಂತ್ಯ, ಮಜ್ಜಿಗೆ ಇರುವ ನಮ್ಮ ಗಂಗಾಳದಲ್ಲಿ ನಾರಿಗೆ ಕೊರತೆಯಿಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು ಹತ್ತು ಗ್ರಾಂ ನಾರಿರುತ್ತದೆ. ಅದನ್ನು ತೆಗೆದುಹಾಕಿ, ಸೋಸಿದ ರಸ ಕುಡಿಸಿ, ಬಳಿಕ ಹೊಟ್ಟೆ ಕಟ್ಟಿತೆಂದು ಸೋನಾಮುಖಿ ನುಂಗಿಸುವುದರಲ್ಲಿ ಯಾವ ಆರೋಗ್ಯವಿದೆ?

ನಮ್ಮ ಸೀಮೆಯಲ್ಲಿ ಹೆಸರಿರುವ ವಿಷಗಳು ಸಾಕಷ್ಟಿವೆ, ಅವುಗಳ ಬಗ್ಗೆ ಯಾವ ಪೊಟ್ಟಣವೂ ಮಾತಾಡುವುದಿಲ್ಲ. ಹೊಲದಲ್ಲಿ ಮುಖಕ್ಕೆ ಬಟ್ಟೆಯನ್ನೂ ಕಟ್ಟದೆ ಸಿಂಪಡಿಸುವ ಕೀಟನಾಶಕ ಮೈಗೇರಿದರೆ ಅದಕ್ಕೆ ಬೇಕಾದದ್ದು ಆಸ್ಪತ್ರೆಯ ಚಿಕಿತ್ಸೆ, ಹಲವು ಕೀಟನಾಶಕಗಳಿಗೆ ಅಟ್ರೋಪಿನ್ ಎಂಬ ಔಷಧ, ತಡಮಾಡದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಎಲುಬಿನಲ್ಲಿ ಕೂಡುತ್ತದೆ, ಕೀಲು ಬಿಗಿಯುತ್ತವೆ. ಕಾಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟು ಗಾಢವಾಗುತ್ತದೆ. ಎಲುಬು ಸೇರಿದ್ದನ್ನು ಯಾವ ರಸವೂ ತೊಳೆದು ತೆಗೆಯಲಾರದು. ಕುಡಿಯುವ ನೀರನ್ನೇ ಬದಲಿಸಬೇಕು.

ಆಸ್ಪತ್ರೆಯಿಂದ ಬಂದ ಮೇಲೆ ಇದನ್ನೆಲ್ಲ ವೈನಿಯ ಜೊತೆ ಕುಳಿತು ಮಾತಾಡಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ತವರುಮನಿ ಬೋರಿನ ನೀರ ನೋಡತೀರೇನ್ರಿ?” ಎಂದು ಕೇಳಿದರು. ಹುನಗುಂದದ ಕಡೆಯ ಹಳ್ಳಿ ಅದು. ಅವರ ತಮ್ಮ ಮುಂದಿನ ವಾರ ಬಾಟಲಿ ತಂದರು, ಹಳೆಯ ಸಹೋದ್ಯೋಗಿಗಳಿಗೆ ಕೊಟ್ಟು ಪರೀಕ್ಷೆ ಮಾಡಿಸಿದೆ. ಕೆಂಪು ಬಣ್ಣ ಚೆನ್ನಾಗಿ ಮಾಸಿತ್ತು, 2.8 ಮಿಲಿಗ್ರಾಂ. ಆ ಮನೆಯ ದೊಡ್ಡ ಮೊಮ್ಮಕ್ಕಳಿಬ್ಬರ ಹಲ್ಲಿನ ಮೇಲಿನ ಕಂದು ಗೆರೆಗಳಿಗೆ ಅದೇ ಕಾರಣವಿರಬೇಕು. ಕಾಯಂ ಹಲ್ಲಿನ ಹೊಳಪು ಪದರ ಒಸಡಿನೊಳಗೆ ಬೆಳೆಯುವುದು ಎಂಟು ವರ್ಷದೊಳಗೆ, ಫ್ಲೋರೈಡ್ ಕೆಡಿಸುವುದು ಆಗಲೇ. ಈಗ ಆ ಮನೆಯಲ್ಲಿ ಕುಡಿಯಲು, ಅಡುಗೆಗೆ ಊರೊಳಗಿನ ನಳದಿಂದ ನದಿಯ ನೀರನ್ನು ಹೊತ್ತು ತರುತ್ತಾರೆ, ಕೊಳವೆಬಾವಿಯ ನೀರು ಬಟ್ಟೆಗೆ ಮತ್ತು ಎಮ್ಮೆ ತೊಳೆಯಲು. ಕಿರಿಯ ಮೊಮ್ಮಗನಿಗೆ ಎರಡು ವರ್ಷ, ಇನ್ನೂ ಹಾಲುಹಲ್ಲು.