ನೋವು ಅಕ್ಕನದು, ಸೈನ್ ಭಾವನದು

ಹೆರಿಗೆಗೆ ಅಡ್ಮಿಟ್ ಮಾಡಿಸುವಾಗ ಆಸ್ಪತ್ರೆಯವರು ಒಂದು ಫಾರಂ ಮುಂದೆ ಹಿಡಿಯುತ್ತಾರಲ್ಲ, ಅದನ್ನು ಪೂರ್ತಿ ಓದಿ ಸೈನ್ ಹಾಕಿದವರನ್ನು ನಾನಂತೂ ಇನ್ನೂ ನೋಡಿಲ್ಲ. ಅಕ್ಕನ ಹೆರಿಗೆಯಲ್ಲೂ ಅಷ್ಟೇ ಆಯಿತು. ರಿಸೆಪ್ಷನ್ ಹುಡುಗ ಪ್ಯಾಡಿಗೆ ಸಿಕ್ಕಿಸಿದ ಹಾಳೆಗಳನ್ನು ಭಾವನ ಕೈಗೆ ಕೊಟ್ಟು, ಪೆನ್ಸಿಲ್‌ನಲ್ಲಿ ಇಂಟು ಮಾರ್ಕ್ ಹಾಕಿದ್ದ ಕಡೆಯೆಲ್ಲ ಬೆರಳಿಟ್ಟು, "ಇಲ್ಲಿ, ಇಲ್ಲಿ, ಆಮೇಲೆ ಹಿಂದುಗಡೆ ಇಲ್ಲಿ ಸರ್" ಅಂದ. ಎಲ್ಲಾ ಇಂಗ್ಲಿಷ್. ಯಾವ ಚಿಕಿತ್ಸೆ ಅಂತ ಬರೆಯಬೇಕಾದ ಜಾಗ ಖಾಲಿ. ಭಾವ ಸೈನ್ ಹಾಕಿದರು. ಅಕ್ಕ ಪಕ್ಕದ ಕುರ್ಚಿಯಲ್ಲೇ ಸೊಂಟ ಹಿಡಿದುಕೊಂಡು ಕೂತಿದ್ದಳು. ಬ್ಯಾಂಕಿನಲ್ಲಿ ದಿನವಿಡೀ ಬೇರೆಯವರಿಂದ ಸೈನ್ ಹಾಕಿಸುವವಳು ಅವಳು. ಅವತ್ತು ಅವಳ ಕೈಗೆ ಪೆನ್ನೇ ಬರಲಿಲ್ಲ.

ಭಾವನನ್ನು ದೂರಿ ಪ್ರಯೋಜನ ಇಲ್ಲ. ಆಸ್ಪತ್ರೆಯವರು ಕೇಳಿದ್ದೇ ಅವರನ್ನು. ಗಂಡ ಸೈನ್ ಹಾಕದೆ ಏನೂ ಮಾಡೋ ಹಾಗಿಲ್ಲ ಅಂತ ಎಲ್ಲರೂ ನಂಬಿಬಿಟ್ಟಿದ್ದೇವೆ. ಈ ನಂಬಿಕೆಗೆ ಒಂದು ಮೂಲವೂ ಇದೆ. ವೈದ್ಯರ ನಡವಳಿಕೆಗೆ ಅಂತ 2002ರಲ್ಲಿ ಬಂದ ನಿಯಮದಲ್ಲಿ, ಆಪರೇಷನ್‌ಗೆ ಮುಂಚೆ ಗಂಡ ಅಥವಾ ಹೆಂಡತಿ, ಮಕ್ಕಳಾದರೆ ತಂದೆತಾಯಿ, ಇಲ್ಲವೇ ರೋಗಿಯಿಂದ ಒಪ್ಪಿಗೆ ಬರೆಸಿಕೊಳ್ಳಬೇಕು ಅಂತಿದೆ. ಹೇಗೆ ಬೇಕಾದರೂ ಓದಬಹುದು ಅದನ್ನು.

ಆದರೆ 2008ರಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಈ ವಿಷಯವನ್ನು ಬಿಡಿಸಿ ಹೇಳಿತು. ಅದು ಹೆರಿಗೆಯ ಕೇಸ್ ಅಲ್ಲ. ದೆಹಲಿಯ 44 ವರ್ಷದ ಹೆಂಗಸು, ಮುಟ್ಟಿನ ರಕ್ತಸ್ರಾವ ನಿಲ್ಲುತ್ತಿಲ್ಲ ಅಂತ 1995ರಲ್ಲಿ ಡಾಕ್ಟರ್ ಹತ್ತಿರ ಹೋದರು. ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡೋದಕ್ಕೆ ಒಪ್ಪಿ ಸೈನ್ ಹಾಕಿದರು. ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ, ಹೊರಗೆ ಕಾಯುತ್ತಿದ್ದ ಅಮ್ಮನ ಹತ್ತಿರ ಒಪ್ಪಿಗೆ ತಗೊಂಡು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದುಬಿಟ್ಟರು. ಕೋರ್ಟ್ ಇದನ್ನು ಒಪ್ಪಲಿಲ್ಲ. ರೋಗಿ ಸ್ವಲ್ಪ ಹೊತ್ತಿಗೆ ಎಚ್ಚರ ಆಗುವವರು, ಕಾದರೆ ಜೀವಕ್ಕೆ ಅಪಾಯ ಇರಲಿಲ್ಲ, ಹಾಗಿದ್ದಾಗ ಅಮ್ಮನ ಒಪ್ಪಿಗೆ ಲೆಕ್ಕಕ್ಕಿಲ್ಲ ಅಂತ ಹೇಳಿತು. ಏನು ಮಾಡುತ್ತಾರೆ, ಯಾಕೆ, ಅಪಾಯ ಏನು, ಬೇರೆ ದಾರಿ ಇದೆಯಾ, ಮಾಡದಿದ್ದರೆ ಏನಾಗುತ್ತೆ, ಇಷ್ಟು ತಿಳಿಸಿದ ಮೇಲೆ ರೋಗಿ ಹೂಂ ಅಂದರೆ ಮಾತ್ರ ಅದು ಒಪ್ಪಿಗೆ. ಅಷ್ಟು ವರ್ಷ ಕಾದಿದ್ದಕ್ಕೆ ಅವರಿಗೆ ಸಿಕ್ಕ ಪರಿಹಾರ 25,000 ರೂಪಾಯಿ. ಅದರ ಬಗ್ಗೆ ಮಾತಾಡದೇ ಇರೋದೇ ವಾಸಿ.

ಹೆತ್ತ ತಾಯಿಯ ಒಪ್ಪಿಗೆಯೇ ನಡೆಯದಿದ್ದರೆ ಗಂಡನದು ಹೇಗೆ ನಡೆಯುತ್ತೆ? ಆದರೂ ಅವನದೇ ಯಾಕೆ ಬೇಕು ಅಂದರೆ, ನನಗೆ ಅನಿಸೋದು ಇಷ್ಟು: ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಜನ ಕಟ್ಟಿಕೊಂಡು ಜಗಳಕ್ಕೆ ಬರೋದು ಅವನ ಕಡೆಯವರು, ಬಿಲ್ ಕಟ್ಟೋದೂ ಅವನೇ. ಡಾಕ್ಟರುಗಳ ಈ ಭಯ ಸುಳ್ಳಲ್ಲ, ಹೊಡೆದಾಟಗಳು ಆಗುತ್ತಲೇ ಇವೆ. ಗಂಡನಿಗೂ ತಿಳಿಸಲಿ, ಬೇಕಿದ್ದರೆ ಸಾಕ್ಷಿ ಸೈನ್ ಹಾಕಿಸಿಕೊಳ್ಳಲಿ. ಅವಳನ್ನು ಕೇಳದೇ ಇರೋದಕ್ಕೆ ಅದು ಕಾರಣ ಆಗಲ್ಲ.

ಇನ್ನು ಲೇಬರ್ ವಾರ್ಡ್ ಒಳಗೆ ಆಗೋದು ಯಾವ ಫಾರಂನಲ್ಲೂ ಇರಲ್ಲ. ಅಕ್ಕ ಆಮೇಲೆ ಹೇಳಿದ್ದು. ಒಬ್ಬರಾದ ಮೇಲೆ ಒಬ್ಬರು ಬಂದು ಬೆರಳು ಹಾಕಿ ಪರೀಕ್ಷೆ ಮಾಡಿ ಹೋಗುತ್ತಿದ್ದರಂತೆ, ಯಾರು ಡಾಕ್ಟರು, ಯಾರು ಕಲಿಯೋಕೆ ಬಂದವರು ಅಂತಲೂ ಗೊತ್ತಾಗದ ಹಾಗೆ. ಡ್ರಿಪ್‌ಗೆ ನೋವು ಬರಿಸೋ ಔಷಧಿ ಸೇರಿಸಿದ್ದಾರೆ ಅಂತ ಗೊತ್ತಾಗಿದ್ದು ನೋವು ತಡೆಯೋಕಾಗದೆ ಕಿರುಚಿದಾಗ. "ಮುಕ್ಕಮ್ಮಾ, ಮುಕ್ಕು" ಅನ್ನುತ್ತಲೇ ಒಬ್ಬರು ಹೊಟ್ಟೆ ಮೇಲೆ ಭಾರ ಬಿಟ್ಟು ಒತ್ತಿದರು. ಕೆಳಗೆ ಕತ್ತರಿ ಹಾಕಿದ್ದು ಮಾತ್ರ ಅವಳಿಗೆ ಹೊಲಿಗೆ ಹಾಕುವಾಗಲೇ ತಿಳಿದದ್ದು. ಕೇಳಿದ್ದಕ್ಕೆ, "ಮೊದಲನೇ ಹೆರಿಗೆ ಅಲ್ವಾ, ಎಲ್ಲರಿಗೂ ಮಾಡ್ತೀವಿ" ಅಂದರಂತೆ.

ಎಲ್ಲರಿಗೂ ಮಾಡೋದು ಬೇಡ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿರೋದು. ಎಪಿಸಿಯೋಟಮಿ, ಅಂದರೆ ಮಗು ಹೊರಬರೋ ದಾರಿ ಅಗಲ ಮಾಡೋಕೆ ಹಾಕೋ ಈ ಕಟ್, ರೂಢಿ ಅಂತ ಹಾಕೋದಲ್ಲ, ಅಗತ್ಯ ಇದ್ದಾಗ ಮಾತ್ರ. ಹೊಟ್ಟೆ ಒತ್ತಿ ಮಗುವನ್ನು ತಳ್ಳೋದನ್ನೂ ಅದು ಬೇಡ ಅನ್ನುತ್ತೆ. ಒಳಪರೀಕ್ಷೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಸಾಕು. ನಮ್ಮದೇ ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಲ್ಲಿ ಜೊತೆಗೊಬ್ಬರು ಇರಲಿ ಅಂದಿದೆ. ಅಕ್ಕನನ್ನು ಸೇರಿಸಿದ್ದು ಪ್ರೈವೇಟ್ ಆಸ್ಪತ್ರೆಗೆ. ಅಲ್ಲಿ ಅಮ್ಮ ಒಳಗೆ ಬರುತ್ತೀನಿ ಅಂದರೆ, "ಹೊರಗೆ ಕೂತ್ಕೊಳಿ, ಆದ್ಮೇಲೆ ಕರೀತೀವಿ" ಅಂತ ಬಾಗಿಲು ಹಾಕಿಕೊಂಡರು. ಪಕ್ಕದಲ್ಲಿ ಮನೆಯವರು ಒಬ್ಬರಿದ್ದಿದ್ದರೆ "ಏನು ಹಾಕ್ತಿದೀರಿ ಮೇಡಂ" ಅಂತ ಕೇಳೋಕೆ ಒಂದು ಬಾಯಿಯಾದರೂ ಇರುತ್ತಿತ್ತು.

ಎಮರ್ಜೆನ್ಸಿಯಲ್ಲಿ ಇದೆಲ್ಲ ಹೇಳ್ತಾ ಕೂರೋಕಾಗುತ್ತಾ ಅನ್ನೋರು ಇದ್ದಾರೆ. ಆಗಲ್ಲ, ಒಪ್ಪಿದೆ. ಹೆರಿಗೆ ಆದಮೇಲೆ ರಕ್ತ ನಿಲ್ಲುತ್ತಿಲ್ಲ, ಹೊಕ್ಕುಳಬಳ್ಳಿ ಮಗುವಿಗಿಂತ ಮುಂಚೆ ಹೊರಗೆ ಬಂದಿದೆ ಅಂದರೆ ಮೊದಲು ಕೈ ಓಡಬೇಕು. ಜೀವ ಉಳಿಸಬೇಕಾದಾಗ ಕಾಯಬೇಕಿಲ್ಲ ಅಂತ ಕೋರ್ಟೂ ಹೇಳಿದೆ. ಆದರೆ "ಮಗು ಎದೆಬಡಿತ ಕಮ್ಮಿ ಆಗ್ತಿದೆ, ಸಣ್ಣದಾಗಿ ಕಟ್ ಮಾಡ್ತೀನಿ, ಸರಿನಾ?" ಅನ್ನೋಕೆ ಎಷ್ಟು ಹೊತ್ತು ಬೇಕು? ಕಟ್‌ಗೆ ಮುಂಚೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಅದು ಹಿಡಿಯೋಕೆ ಕಾಯಲೇಬೇಕಲ್ಲ, ಅಷ್ಟರೊಳಗೆ ಹೇಳಿ ಮುಗಿಯುತ್ತೆ. ನನ್ನ ಗೆಳತಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಕ್ಕ ಸಿಸ್ಟರ್ ಹಾಗೇ ಇದ್ದರಂತೆ. ವಾರ್ಡ್ ತುಂಬಿ ತುಳುಕುತ್ತಿತ್ತು, ಆದರೂ ಮುಟ್ಟೋ ಮುಂಚೆ "ಈಗ ನೋಡ್ತೀನಿ ಕಣವ್ವಾ, ಸ್ವಲ್ಪ ನೋಯುತ್ತೆ" ಅಂತ ಹೇಳಿ, ಅವಳು ತಲೆ ಆಡಿಸಿದ ಮೇಲೇ ಗ್ಲೌಸ್ ಕೈ ಮುಂದೆ ತರುತ್ತಿದ್ದರಂತೆ.

ದಿನ ತುಂಬುತ್ತಿರೋರು ಯಾರಾದರೂ ಇದನ್ನು ಓದುತ್ತಿದ್ದರೆ, ನೋವು ಶುರುವಾದ ಮೇಲೆ ಇದೆಲ್ಲ ಕೇಳೋಕಾಗಲ್ಲ, ಎಂಟನೇ ತಿಂಗಳ ಚೆಕಪ್‌ನಲ್ಲೇ ಕೇಳಿ. ಕಟ್ ಯಾವಾಗ ಮಾಡ್ತೀರಿ, ಸಿಸೇರಿಯನ್ ಯಾವ ಕಾರಣಕ್ಕೆ, ಒಳಗೆ ಯಾರು ಇರಬಹುದು, ಫಾರಂ ಇವತ್ತೇ ಕೊಡ್ತೀರಾ, ಮನೆಗೆ ಒಯ್ದು ಓದ್ತೀನಿ ಅಂತ. ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ. ಹೆರಿಗೆ ಆದ ತಕ್ಷಣವೇ, ಮತ್ತೆ ಬಸಿರಾಗದಂತೆ ಗರ್ಭಕೋಶದೊಳಗೆ ಕಾಪರ್-ಟಿ ಹಾಕುವ ಪದ್ಧತಿಯೂ ಇದೆ, ಅದು ಬೇಕಾ ಬೇಡವಾ ಅನ್ನೋದನ್ನೂ ಆಗಲೇ ಹೇಳಿಬಿಡಿ. ಮನೆಗೆ ಹೊರಡುವಾಗ ಡಿಸ್ಚಾರ್ಜ್ ಸಮ್ಮರಿಯನ್ನು ಬಿಲ್ ಜೊತೆ ಸುಮ್ನೆ ಕವರಿಗೆ ತುರುಕಬೇಡಿ, ಕಟ್ ಆಗಿದ್ದರೆ, ಕಾಪರ್-ಟಿ ಹಾಕಿದ್ದರೆ ಅದರಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಪೂರ್ತಿ ದಾಖಲೆ ಕೊಡಿ ಅಂತ ಬರೆದುಕೊಟ್ಟು ಕೇಳಿ. ಮೇಲೆ ಹೇಳಿದ ಅದೇ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ಅವರು ಕೊಡಬೇಕು.